ಎಂಟು ಹಳೆಯ ಡಿಸ್ಕುಗಳು

ದರದ ಮಾತು ಮುಗಿದು ನಾನು ಕುರ್ಚಿಯಿಂದ ಏಳುವ ಹೊತ್ತಿಗೆ ಪ್ರೆಸ್ಸಿನ ಮಾಲೀಕರು ಒಂದು ಷರತ್ತು ಹೇಳಿದರು. "ನೋಡು ಮೋನೇ, ನಮ್ಮ ಕಂಪ್ಯೂಟರಿನಿಂದ ಒಂದೇ ಒಂದು ಪ್ರಶ್ನೆ ಹೊರಗೆ ಹೋದರೂ ನನಗೆ ಈ ಕೆಲಸ ಹೋಯಿತು. ನನಗೆ ಹೋದ ದಿನವೇ ನಿನಗೂ ಹೋಯಿತು ಎಂದು ತಿಳಿದುಕೋ."

ಅವರು ಮಾತಾಡಿದ್ದು ಮಲಯಾಳದಲ್ಲಿ, ಮೋನೇ ಎಂದರೆ ಮಗನೇ. ವಿಷಯ ಇಷ್ಟು: ಎರ್ನಾಕುಲಂನ ಆ ಪ್ರೆಸ್ಸು ಒಂದು ಅಧ್ಯಾಪಕರ ಸಂಘಕ್ಕೆ ಶಾಲಾ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಅಚ್ಚು ಹಾಕಿ ಕೊಡುತ್ತಿತ್ತು. ಮುದ್ರಣ ಎರ್ನಾಕುಲಂನಲ್ಲಿ, ಇಲ್ಲಿ ಆರು ಕಂಪ್ಯೂಟರು. ಸಂಘದ ಕಚೇರಿ ತಿರುವನಂತಪುರದಲ್ಲಿ ಇದ್ದುದರಿಂದ ಅಲ್ಲೊಂದು ಶಾಖೆ, ಅದರಲ್ಲಿ ಎರಡು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋಗುವ ಕನ್ನಡ ಪತ್ರಿಕೆ ಟೈಪ್ ಆಗುತ್ತಿದ್ದದ್ದು ಆ ಎರಡರಲ್ಲಿ ಒಂದರಲ್ಲಿ. ಎಂಟೂ ವಿಂಡೋಸ್ ತೊಂಬತ್ತೆಂಟು. ಪಾಸ್‌ವರ್ಡ್ ಪೆಟ್ಟಿಗೆ ಬಂದರೆ ಎಸ್ಕೇಪ್ ಒತ್ತಿ ಒಳಗೆ ಹೋಗುವುದು ಅಲ್ಲಿಯ ಪದ್ಧತಿ. ಇಂಟರ್ನೆಟ್ ಬಂದ ಮೇಲೆ ವಾರಕ್ಕೊಂದು ವೈರಸ್. ಎಲ್ಲವನ್ನೂ ಎಕ್ಸ್‌ಪಿಗೆ ಏರಿಸಿ ಭದ್ರ ಮಾಡಿಕೊಡುವುದು ನನ್ನ ಕೆಲಸ. ಕ್ರಿಸ್ಮಸ್ ಪರೀಕ್ಷೆಗೆ ಐದು ವಾರ ಇತ್ತು.

ನಾನು ಕುಂಬಳೆ ಕಡೆಯವನು, ಎರ್ನಾಕುಲಂನಲ್ಲಿ ಸಣ್ಣ ಸೇಲ್ಸ್ ಮತ್ತು ಸರ್ವೀಸ್ ಅಂಗಡಿ ಇಟ್ಟವನು. ಈ ಕೆಲಸ ಚೆನ್ನಾಗಿ ಮುಗಿಸಿದರೆ ಎಂಟು ಯಂತ್ರಗಳ ವಾರ್ಷಿಕ ಮೇಂಟೆನೆನ್ಸ್ ನನ್ನದೇ ಎಂದು ಮಾತಾಗಿತ್ತು. ಚೌಕಾಸಿಯಲ್ಲಿ ನನ್ನದೊಂದು ರೀತಿ ಇದೆ, ಬೇಕಾದವರು ಉಪಯೋಗಿಸಿಕೊಳ್ಳಿ. ಗಿರಾಕಿ ಕೂಲಿ ಇಳಿಸು ಎಂದರೆ ಹಟ ಮಾಡಬಾರದು. ಇಳಿಸಬೇಕು, ಇಳಿಸುತ್ತಾ ಅವನ ಕಣ್ಣಿಗೆ ಬೆಲೆಯಿಲ್ಲದ ವಸ್ತು ಒಂದನ್ನು ಕೇಳಿ ಪಡೆಯಬೇಕು. ನಾನು ಕೂಲಿ ಇಳಿಸಿದೆ. ಎಂಟಕ್ಕೂ ಹೊಸ ದೊಡ್ಡ ಹಾರ್ಡ್ ಡಿಸ್ಕ್ ಹಾಕುವುದಿತ್ತು, ಕಳಚಿದ ಹಳೆಯವು ನನಗಿರಲಿ ಎಂದೆ.

"ಅದು ಯಾರಿಗೆ ಬೇಕು, ತೆಗೆದುಕೊಂಡು ಹೋಗು," ಎಂದರು.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಒಂದೇ ಸಿ.ಡಿ.ಯನ್ನು ಎಂಟಕ್ಕೂ ಹಾಕು ಎಂದು ಅವರು, ಎಂಟಕ್ಕೂ ಲೈಸೆನ್ಸ್ ತೆಗೆಯಲೇಬೇಕು ಎಂದು ನಾನು. ಕದ್ದ ನಂಬರಿನ ಪ್ರತಿಗೆ ಮುಂದೆ ಕಂಪನಿ ಕೊಡುವ ತೇಪೆ, ಅದೇ ಸರ್ವೀಸ್ ಪ್ಯಾಕ್, ಕೂರದಿದ್ದರೆ, ಬೀಗವೇ ಇಲ್ಲದ ಬಾಗಿಲಿಗೆ ಬಣ್ಣ ಬಳಿದ ಹಾಗಾಗುತ್ತದೆ ಎಂದು ಹೇಳಿ ಒಪ್ಪಿಸಿದೆ.

ಎರ್ನಾಕುಲಂನ ಆರು ಯಂತ್ರಗಳನ್ನು ಮಾಡಿದ್ದು ಒಂದು ಹರತಾಳದ ದಿನ. ಕೇರಳದಲ್ಲಿ ಸರ್ವೀಸ್ ಕೆಲಸ ಮಾಡುವವರಿಗೆ ಹರತಾಳದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಆಫೀಸು ಖಾಲಿ, ಬೇರೆ ಗಿರಾಕಿಯ ಫೋನಿಲ್ಲ, ಯಾರೂ ಹಿಂದೆ ನಿಂತು "ಆಯಿತಾ" ಎಂದು ಕೇಳುವುದಿಲ್ಲ. ಹಿಂದಿನ ಸಂಜೆಯೇ ಕೀಲಿ ಇಸಕೊಂಡಿದ್ದೆ. ಬೆಳಿಗ್ಗೆ ಕಲೂರಿನ ನನ್ನ ಕೋಣೆಯಿಂದ ಖಾಲಿ ರಸ್ತೆಯಲ್ಲಿ ನಡೆದೇ ಬಂದೆ.

ಮೊದಲ ಯಂತ್ರದಲ್ಲೇ ಪೆಟ್ಟು ಬಿತ್ತು. ಹೊಸ ಡಿಸ್ಕು ಹಾಕಿ, ರ್‍ಯಾಮ್ ಹೆಚ್ಚಿಸಿ, ಎಕ್ಸ್‌ಪಿ ಕೂರಿಸಿ, ಸರ್ವೀಸ್ ಪ್ಯಾಕನ್ನು ಇಂಟರ್ನೆಟ್ಟಿನಿಂದಲೇ ಇಳಿಸೋಣ ಎಂದು ಕೇಬಲ್ ಸಿಕ್ಕಿಸಿದೆ. ಚಹಾ ಫ್ಲಾಸ್ಕಿನ ಮುಚ್ಚಳ ತೆಗೆಯುವುದರೊಳಗೆ ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು: ಅರವತ್ತು ಸೆಕೆಂಡಿನಲ್ಲಿ ಈ ಯಂತ್ರ ನಿಲ್ಲುತ್ತದೆ. ಐವತ್ತೊಂಬತ್ತು, ಐವತ್ತೆಂಟು ಎಂದು ಎಣಿಕೆ ಇಳಿಯತೊಡಗಿತು. ಒಂದು ಕಮಾಂಡು ಕೊಟ್ಟು ಅದನ್ನು ನಿಲ್ಲಿಸಬಹುದು, ನಿಲ್ಲಿಸಿದೆ. ಆದರೆ ಹುಳ ಆಗಲೇ ಒಳಗೆ ಬಂದಾಗಿತ್ತು. ಯಾರೂ ಏನನ್ನೂ ಒತ್ತಿರಲಿಲ್ಲ, ಯಾವ ಮೇಲ್ ಕೂಡ ತೆರೆದಿರಲಿಲ್ಲ. ಬರೀ ಕೇಬಲ್ ಸಿಕ್ಕಿಸಿದ್ದಷ್ಟೇ.

ಎಲ್ಲ ಅಳಿಸಿ ಮತ್ತೆ ಮೊದಲಿಂದ ಹಿಡಿದೆ. ಆವತ್ತು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದ ಕ್ರಮವನ್ನು ನಂತರ ಎಲ್ಲೂ ಮುರಿಯಲಿಲ್ಲ. ಕೇಬಲ್ ಕಿತ್ತಿಡು. ಸಿಸ್ಟಂ ಹಾಕು. ಸರ್ವೀಸ್ ಪ್ಯಾಕನ್ನು ಸಿ.ಡಿ.ಯಿಂದ ಹಾಕು. ಫೈರ್‌ವಾಲ್ ಚಾಲೂ ಇದೆಯೇ ಎಂದು ಕಣ್ಣಾರೆ ನೋಡು. ಆಂಟಿವೈರಸ್ ಹಾಕು. ಆಮೇಲೆ ಕೇಬಲ್. ಕೆಲಸ ಮಾಡುವವರಿಗೆಲ್ಲ ಲಿಮಿಟೆಡ್ ಅಕೌಂಟ್, ಯಂತ್ರದಲ್ಲಿ ಏನನ್ನೂ ಬದಲಿಸಲಾಗದಂಥದ್ದು. ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ ಮಾಲೀಕರ ಕೈಗೆ ಕೊಟ್ಟೆ. ಸಂಜೆಯೊಳಗೆ ಆರೂ ಮುಗಿದವು.

ಮುಂದಿನ ಶನಿವಾರ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ. ತಂಬಾನೂರು ಸ್ಟೇಷನ್ನಿನ ಹಿಂದೆ ಮಹಡಿಯ ಮೇಲೆ ಒಂದೇ ಕೋಣೆಯ ಶಾಖೆ. ಕನ್ನಡ ಟೈಪ್ ಮಾಡುವ ಆಪರೇಟರ್ ಅಲ್ಲಿದ್ದರು, ನಲವತ್ತೈದರ ಪ್ರಾಯದ ಹೆಂಗಸು. ಎಲ್ಲರಿಗೂ ಅವರು ಚೇಚಿ, ಅಂದರೆ ಅಕ್ಕ, ನನಗೂ. ಅವರ ಪಕ್ಕದಲ್ಲಿ ಕೆಂಪು ಪೆನ್ನು ಹಿಡಿದು ಕೂತವರು ಕಾಸರಗೋಡಿನ ನಿವೃತ್ತ ಮಾಷ್ಟ್ರು. ಹತ್ತನೆಯ ತರಗತಿಯ ಕನ್ನಡ ಪತ್ರಿಕೆ ತಯಾರಿಸಿದ್ದು ಅವರೇ, ಪ್ರೂಫ್ ನೋಡಲಿಕ್ಕೆ ರೈಲು ಹತ್ತಿ ಬಂದಿದ್ದರು.

ಚೇಚಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಕ್ಷರಗಳ ಆಕಾರ ನೋಡಿ ಟೈಪ್ ಮಾಡುತ್ತಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಕ್ಷರಕ್ಕೂ ತಾವೇ ಹೆಸರಿಟ್ಟು, ಎದುರಿಗೆ ಯಾವ ಕೀ ಎಂದು ಬರೆದುಕೊಂಡಿದ್ದರು. ಠ ಅವರಿಗೆ ಕಣ್ಣು. ಒತ್ತಕ್ಷರಗಳೆಲ್ಲ ಬಾಲ, ಬಲಬಾಲ, ಸುರುಳಿಬಾಲ.

"ಇವರಿಗೆ ಒಂದಕ್ಷರ ಕನ್ನಡ ಬರುದಿಲ್ಲ ಮಾರಾಯ," ಎಂದು ಮಾಷ್ಟ್ರು ನನಗೆ ಹೇಳಿದರು. "ಆದ್ರೆ ನಮ್ಮ ಹೆಡ್‌ಮಾಷ್ಟ್ರು ಬರೆಯುವ ಸರ್ಕ್ಯುಲರಿಗಿಂತ ಇವರದ್ದರಲ್ಲಿ ತಪ್ಪು ಕಡಿಮೆ."

"ನನ್ನ ಬಗ್ಗೆ ಏನೋ ಹೇಳಿದರಲ್ಲ?" ಎಂದರು ಚೇಚಿ.

"ಹೊಗಳಿದರು ಚೇಚೀ."

"ಹೊಗಳುವುದಾದರೆ ಮಲಯಾಳದಲ್ಲಿ ಹೊಗಳಲಿ. ಕನ್ನಡದಲ್ಲಿ ಬೈದು ಹೊಗಳಿದೆ ಎಂದರೂ ನನಗೆ ಗೊತ್ತಾಗುವುದಿಲ್ಲ."

ಅಲ್ಲಿಯ ತೊಡಕು ಬೇರೆ ತರಹದ್ದು. ಕನ್ನಡದ ಫಾಂಟ್ ತಂತ್ರಾಂಶ ಲಿಮಿಟೆಡ್ ಅಕೌಂಟಿನಲ್ಲಿ ತೆರೆಯಲೇ ಇಲ್ಲ. ಚೇಚಿ ತಮ್ಮ ಹಳೆಯ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾಗ, ಆಗಲೇ ಹೊಸದು ಮಾಡಿದ್ದ ಇನ್ನೊಂದು ಯಂತ್ರದಲ್ಲಿ ಅದನ್ನು ಪರೀಕ್ಷಿಸಿ ನೋಡಿದೆ. ತನ್ನ ಸ್ವಂತ ಫೋಲ್ಡರಿನೊಳಗೆ ಏನೋ ಬರೆದಿಟ್ಟುಕೊಳ್ಳುವುದು ಅದರ ಅಭ್ಯಾಸ, ಲಿಮಿಟೆಡ್ ಅಕೌಂಟಿಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಚೇಚಿಯನ್ನೇ ಅಡ್ಮಿನಿಸ್ಟ್ರೇಟರ್ ಮಾಡಿದರೆ ಎರಡು ನಿಮಿಷದ ಕೆಲಸ, ಮುಕ್ಕಾಲು ಪಾಲು ಸರ್ವೀಸಿನವರು ಹಾಗೇ ಮಾಡುತ್ತಾರೆ. ಹಾಗೆ ಮಾಡಬೇಡಿ. ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಕೊಟ್ಟರೆ ಸಾಕು. ಅದಕ್ಕೆ ಡಿಸ್ಕು ಎನ್‌ಟಿಎಫ್‌ಎಸ್ ರೀತಿಯಲ್ಲಿ ಇರಬೇಕು. ನಾನು ಹಳೆಯ ಅಭ್ಯಾಸದಲ್ಲಿ, ಹಕ್ಕುಗಳ ಲೆಕ್ಕವೇ ಇಡದ ಫ್ಯಾಟ್ ರೀತಿ ಮಾಡಿಟ್ಟಿದ್ದೆ, ಅದನ್ನು ಪರಿವರ್ತಿಸಲು ಮಧ್ಯಾಹ್ನ ಪೂರ್ತಿ ಹೋಯಿತು.

"ಇಷ್ಟು ವರ್ಷ ಸ್ವಿಚ್ ಒತ್ತಿದರೆ ಸಾಕಿತ್ತು," ಎಂದು ಚೇಚಿ ಗೊಣಗಿದರು. "ಇನ್ನು ನನ್ನ ಯಂತ್ರವೇ ನನ್ನನ್ನು ಯಾರು ನೀನು ಎಂದು ಕೇಳುತ್ತದೆ ಅನ್ನು."

ಸಂಜೆಯ ಹೊತ್ತಿಗೆ ಮಾಷ್ಟ್ರ ತಿದ್ದುಪಡಿಗಳನ್ನೆಲ್ಲ ಅವರು ಹಳೆಯ ಯಂತ್ರದಲ್ಲಿ ಹಾಕಿ ಮುಗಿಸಿದರು. ಮಾಷ್ಟ್ರು ಕೊನೆಯ ಪ್ರತಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಿ, ಪ್ರೂಫ್, ಕೈಬರಹ ಎಲ್ಲ ಕಾಗದವನ್ನೂ ಚೂರು ಮಾಡಿಸಿ ರೈಲಿಗೆ ಹೊರಟರು. ಚೇಚಿಯ ಯಂತ್ರವನ್ನು ನಾನು ಬಿಚ್ಚುವುದು ಭಾನುವಾರ, ಅವರಿಗೆ ಅಂದು ರಜೆ. ಚೇಚಿ ಮನೆಗೆ ಹೊರಡುವ ಮುಂಚೆ ಕೇಳಿದೆ:

"ಹೊಸದಕ್ಕೆ ಏನೇನು ತುಂಬಬೇಕು ಚೇಚೀ?"

"ಮೈ ಡಾಕ್ಯುಮೆಂಟ್ಸ್, ಮತ್ತೆ ಡಿ ಡ್ರೈವ್ ಪೂರ್ತಿ."

"ಅಷ್ಟೇನಾ?"

"ನನ್ನದು ಅಷ್ಟೇ."

ಪ್ರಶ್ನೆಪತ್ರಿಕೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಹೊರಗಿನವನು ಅದನ್ನು ಕೇಳುವುದು ಮರ್ಯಾದೆಯಲ್ಲ ಅಂದುಕೊಂಡೆ. ಅವರೂ ಹೇಳಲಿಲ್ಲ. ಭಾನುವಾರ ಅವರು ಹೇಳಿದ್ದನ್ನೆಲ್ಲ ಸಿ.ಡಿ.ಗೆ ಇಳಿಸಿ ಹೊಸ ಡಿಸ್ಕಿಗೆ ತುಂಬಿದೆ. ಹಳೆಯ ಎರಡು ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ವಾಪಸಾದೆ. ಸೋಮವಾರ ಎಂಟನ್ನೂ ಫಾರ್ಮ್ಯಾಟ್ ಮಾಡಿ, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ನಂಬರು ಹಾಕಿ, ಮಂಗಳವಾರ ಬ್ರಾಡ್‌ವೇ ಹಿಂದಿನ ಓಣಿಯ ಹಳೆ ಸಾಮಾನಿನ ವ್ಯಾಪಾರಿಗೆ ಕೊಟ್ಟೆ. ಒಳ್ಳೆಯ ಬೆಲೆಗೇ ಕೊಟ್ಟೆ.

ಬುಧವಾರ ಬೆಳಿಗ್ಗೆ ಚೇಚಿಯ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಕನ್ನಡ ಪತ್ರಿಕೆ ಇಲ್ಲ ಮೋನೇ."

"ನೀವು ಹೇಳಿದ್ದೆಲ್ಲ ತುಂಬಿದ್ದೇನೆ ಚೇಚೀ."

"ಅದು ಅಲ್ಲಿ ಇರಲಿಲ್ಲ. ಯಾರಿಗೂ ಸಿಗಬಾರದು ಎಂದು ಫಾಂಟಿನ ಫೋಲ್ಡರಿನೊಳಗೆ, ಫಾಂಟಿನದೇ ಹೆಸರು ಕೊಟ್ಟು ಇಡುತ್ತೇನೆ. ಪ್ರತಿ ವರ್ಷ ಹಾಗೇ. ಎಲ್ಲಿದೆ ಎಂದು ಯಾರಿಗೂ ಹೇಳಬೇಡ ಎಂದು ಮುತಲಾಳಿಯೇ ಹೇಳಿದ್ದಲ್ಲವಾ?"

ಪಾಸ್‌ವರ್ಡ್ ಇಲ್ಲದ ಯಂತ್ರದಲ್ಲಿ ಆ ಹೆಂಗಸು, ಮುತಲಾಳಿ ಅಂದರೆ ಮಾಲೀಕರ ಮಾತಿನಂತೆ, ತನಗೆ ತೋಚಿದ ರೀತಿಯಲ್ಲಿ ಗುಟ್ಟು ಕಾದಿದ್ದರು. ಫಾಂಟ್ ತಂತ್ರಾಂಶವನ್ನು ನಾನು ಸಿ.ಡಿ.ಯಿಂದ ಹೊಸದಾಗಿ ಹಾಕಿದ್ದೆ, ಹಳೆಯ ಫೋಲ್ಡರು ನಕಲಾಗಿರಲಿಲ್ಲ. ಬರುವ ಸೋಮವಾರ ಪುಟಗಳು ಅಚ್ಚಿನ ಪ್ಲೇಟಿಗೆ ಹೋಗಬೇಕು. ಮಾಷ್ಟ್ರು ಕೈಬರಹದ ಪ್ರತಿಯನ್ನೂ ಉಳಿಸಿರಲಿಲ್ಲ.

ಓಣಿಗೆ ಓಡಿದೆ. ವ್ಯಾಪಾರಿಯ ತಟ್ಟೆಯಲ್ಲಿ ಏಳು ಡಿಸ್ಕು ಹಾಗೇ ಇದ್ದವು. ಇಲ್ಲದ್ದು ಚೇಚಿಯದೊಂದೇ. "ನಿನ್ನೆಯೇ ಹೋಯಿತು, ಮಟ್ಟಾಂಚೇರಿಯಲ್ಲಿ ಅಸೆಂಬಲ್ ಮಾಡುವವನಿಗೆ," ಎಂದು ವಿಳಾಸ ಕೊಟ್ಟ. ದೋಣಿ ಹಿಡಿದು ಮಟ್ಟಾಂಚೇರಿಗೆ ಹೋದೆ. ಮಸಾಲೆ ಗೋದಾಮುಗಳ ಸಾಲಿನಲ್ಲಿ ಒಂದು ಬಾಗಿಲಿನ ಅಂಗಡಿ. ಡಿಸ್ಕು ಮೇಜಿನ ಮೇಲಿದ್ದ ಒಂದು ಕಂಪ್ಯೂಟರ್ ಪೆಟ್ಟಿಗೆಯೊಳಗೆ ಸೇರಿ, ಮತ್ತೆ ತೊಂಬತ್ತೆಂಟು ಹಾಕಿಸಿಕೊಂಡು ಓಡುತ್ತಿತ್ತು.

"ಆ ಡಿಸ್ಕು ನನಗೆ ವಾಪಸು ಬೇಕು," ಎಂದೆ.

ಅಂಗಡಿಯವನು ನನ್ನ ಮುಖ ನೋಡಿದ. ನಾನು ಇಪ್ಪತ್ತು ಸಲ ಬೇರೆಯವರ ಮುಖದಲ್ಲಿ ನೋಡಿದ ಅವಸರವನ್ನು ಅವನು ನನ್ನ ಮುಖದಲ್ಲಿ ನೋಡುತ್ತಿದ್ದ. "ಇದಕ್ಕೆ ಗಿರಾಕಿ ಇದ್ದಾನೆ ಚೇಟ್ಟಾ. ಬದಲಿಗೆ ಹೊಸದು ಕೊಟ್ಟರೆ ನೋಡೋಣ. ನಲವತ್ತು ಜಿಬಿಯದು."

ಚೌಕಾಸಿ ಮಾಡದೆ ಒಪ್ಪಿದೆ. ಡಿಸ್ಕು ಬಿಚ್ಚುತ್ತಾ ಅವನೇ ಹೇಳಿದ: "ಇದರಲ್ಲಿ ಅಂಥದ್ದೇನಿದೆ? ಹಳೆ ಡಿಸ್ಕು ಬಂದರೆ ನಾನು ಮೊದಲು ರಿಕವರಿ ಓಡಿಸಿ ನೋಡುತ್ತೇನೆ, ಹಾಡುಗೀಡು ಸಿಗುತ್ತದೆ. ಇದರಲ್ಲಿ ಬರೀ ಕಸ. ಟೊಪ್ಪಿ ಹಾಕಿದ ಎ, ಚುಕ್ಕೆ ಇಟ್ಟ ಯು, ಅಂಥವೇ ಪುಟಗಟ್ಟಲೆ."

"ಆ ಫೈಲುಗಳು ಎಲ್ಲಿ?"

"ಡಿಲೀಟ್ ಮಾಡಿರಬೇಕು. ನಾನೋ, ಪಕ್ಕದ ಅಂಗಡಿಯವನೋ. ಹಾಡು ಇದ್ದರೂ ಇರಲಿ ಎಂದು ಅವನೂ ಸಿಕ್ಕಿದ್ದನ್ನೆಲ್ಲ ಒಂದು ಸಿ.ಡಿ. ಮಾಡಿಕೊಂಡಿದ್ದ."

ಅಂಗಡಿಗೆ ಬಂದು ನಾನೂ ರಿಕವರಿ ಓಡಿಸಿದೆ. ಒಂದು ಗಂಟೆ ಸಾಕಾಯಿತು. ನಾನು ಫಾರ್ಮ್ಯಾಟ್ ಮಾಡಿದ್ದು, ಅದರ ಮೇಲೆ ಅವನು ಮತ್ತೊಂದು ಸಿಸ್ಟಂ ಹಾಕಿದ್ದು, ಏನೂ ಲೆಕ್ಕಕ್ಕಿಲ್ಲದ ಹಾಗೆ ಪ್ರಶ್ನೆಪತ್ರಿಕೆ ಎದ್ದು ಬಂತು. ಹಿಂದಿನ ಮೂರು ಪರೀಕ್ಷೆಯವೂ ಬಂದವು. ಅವಸರದ ಫಾರ್ಮ್ಯಾಟಿನಲ್ಲಿ ಹೋಗುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳೆಲ್ಲ ಇದ್ದಲ್ಲೇ ಇರುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಮಾಡಿದೆ, ಏಕೆಂದರೆ ಪೂರ್ತಿ ಅಳಿಸಲು ಒಂದೊಂದಕ್ಕೆ ಎರಡು ಗಂಟೆ ಬೇಕು, ಮಂಗಳವಾರ ನನಗೆ ಮಾರುವ ಅವಸರವಿತ್ತು.

ಚೇಚಿಗೆ ಫೋನು ಮಾಡಿ ಸಿಕ್ಕಿತು ಎಂದೆ. ಅವರು ಅತ್ತೇಬಿಟ್ಟರು. ಆಮೇಲೆ, "ಮುತಲಾಳಿಗೆ ಹೇಳಬೇಡ. ಇನ್ನೆರಡು ವರ್ಷ ಮಗಳ ಓದು ಇದೆ ನನಗೆ," ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅಲ್ಲಿಗೆ ಬಿಡಬಹುದಿತ್ತು. ಫೈಲು ಸಿಕ್ಕಿತು, ಡಿಸ್ಕು ಕೈಯಲ್ಲಿದೆ, ಮಟ್ಟಾಂಚೇರಿಯವನ ಕಣ್ಣಿಗೆ ಅದು ಕಸ. ನಮ್ಮ ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಟೊಪ್ಪಿ, ಕೊಂಬು, ಚುಕ್ಕೆಗಳ ಸಾಲು. ಪ್ರೆಸ್ಸಿನವರು ಅದನ್ನೇ ಬೀಗ ಎಂದು ನಂಬಿದ್ದರು. ಮಲಯಾಳ ಪತ್ರಿಕೆಗಳಿಗೆ ಇಟ್ಟಷ್ಟು ಕಾವಲು ಕನ್ನಡಕ್ಕೆ ಇರದಿದ್ದದ್ದೂ ಅದಕ್ಕೇ. ಬುಧವಾರ ಪೂರ್ತಿ ನಾನೂ ನಂಬಲು ನೋಡಿದೆ.

ಗುರುವಾರ ಬೆಳಿಗ್ಗೆ ಒಂದು ಪರೀಕ್ಷೆ ಮಾಡಿದೆ. ಕನ್ನಡದ ಗಂಧವಿಲ್ಲದ ಒಂದು ಯಂತ್ರದಲ್ಲಿ ಆ ಫೈಲು ತೆರೆದೆ. ಕಸ. ಇಂಟರ್ನೆಟ್ಟಿನಲ್ಲಿ ಅದೇ ಜೋಡಣೆಯ ಒಂದು ಉಚಿತ ಫಾಂಟು ಹುಡುಕಿ ಇಳಿಸಿ ಹಾಕಿದೆ. ಫೋನ್ ಲೈನಿನ ನಿಧಾನವೂ ಸೇರಿ ಕಾಲು ಗಂಟೆ. ಮೊದಲ ಪ್ರಶ್ನೆ ಮುತ್ತು ಪೋಣಿಸಿದ ಹಾಗೆ ಬಂತು. ತಕ್ಷಣ ಮುಚ್ಚಿದೆ.

ಪಕ್ಕದ ಅಂಗಡಿಯವನ ಸಿ.ಡಿ.ಯಲ್ಲಿ ಏನಿದೆ ಎಂದು ನೋಡಲು ಮಧ್ಯಾಹ್ನ ಮತ್ತೆ ಮಟ್ಟಾಂಚೇರಿಗೆ ಹೋದೆ. ಅವನು ಸಿ.ಡಿ.ಯನ್ನು ಯಾರಿಗೋ ಕೊಟ್ಟಿದ್ದ, ಯಾರಿಗೆಂದು ನೆನಪಿರಲಿಲ್ಲ. ವಾಪಸು ಬರುವ ದೋಣಿಯಲ್ಲಿ ಯೋಚಿಸಿದೆ. ಹೇಳಿದರೆ ಮೊದಲ ಅನುಮಾನ ನನ್ನ ಮೇಲೆಯೇ, ಆ ಪ್ರೆಸ್ಸಿನ ಸುತ್ತ ಕನ್ನಡ ಓದಬಲ್ಲ ಸರ್ವೀಸಿನವ ನಾನೊಬ್ಬ. ಮೇಂಟೆನೆನ್ಸ್ ಕೆಲಸವಂತೂ ಹೋದ ಹಾಗೆಯೇ. ಹೇಳದಿದ್ದರೆ, ನಾನು ಭದ್ರ ಮಾಡಿದ್ದೇನೆ ಎಂದು ಹೇಳಿಕೊಂಡ ಪತ್ರಿಕೆ ಕಾಸರಗೋಡಿನ ಶಾಲೆಗಳಲ್ಲಿ ಹಂಚುವ ದಿನದವರೆಗೂ ಯಾರ ಕೈಯಲ್ಲಿ ತಿರುಗುತ್ತಿದೆ ಎಂದು ನನಗೇ ಗೊತ್ತಿರುವುದಿಲ್ಲ. ಜೆಟ್ಟಿಯಲ್ಲಿ ಇಳಿದವನು ಅಂಗಡಿಗೆ ಹೋಗದೆ ತ್ರಿಪ್ಪುಣಿತ್ತುರದ ಬಸ್ಸು ಹತ್ತಿದೆ. ಮಾಲೀಕರ ಮನೆ ಅಲ್ಲಿ.

ಜಗಲಿಯಲ್ಲಿ ಕೂತು ಎಲ್ಲ ಕೇಳಿದರು. ಒಂದು ಫೋಲ್ಡರನ್ನು ನಕಲು ಮಾಡುವುದು ನಾನು ಬಿಟ್ಟೆ, ಡಿಸ್ಕನ್ನು ಸರಿಯಾಗಿ ಅಳಿಸದೆ ಮಾರಿದೆ ಎಂದೆ. ಎರಡೂ ನಿಜ. ಚೇಚಿಯ ಮಾತು ಎತ್ತಲಿಲ್ಲ.

"ಮಟ್ಟಾಂಚೇರಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ?" ಎಂದರು.

"ಅಲ್ಲಿಯ ಕೊಂಕಣಿ ಮನೆಗಳಿಗೆ ಮಂಗಳೂರು ಕಡೆಯಿಂದ ಬಂದ ಸೊಸೆಯರು ಎಷ್ಟು ಮಂದಿ ಇಲ್ಲ ಚೇಟ್ಟಾ?"

"ಅವರು ಯಾಕೆ ಹತ್ತನೇ ಕ್ಲಾಸಿನ ಪತ್ರಿಕೆ ಓದುತ್ತಾರೆ?"

"ಓದುವುದಿಲ್ಲ ಎಂದು ನಾನು ಬರೆದುಕೊಡಲಾರೆ."

"ಎಡೋ, ನೀನು ಕಳ್ಳನಾಗಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ. ಅದು ಗೊತ್ತು. ಆದರೆ ನನ್ನ ಮನೆಯ ಕಸ ಎಂದು ಕೊಟ್ಟದ್ದನ್ನು ಕಸವಲ್ಲ ಎಂದು ಗೊತ್ತಿದ್ದವನು ನೀನೊಬ್ಬನೇ." ಎದ್ದು ಹೋಗಿ ಮಾಷ್ಟ್ರಿಗೆ ಫೋನು ಹಚ್ಚಿ, ರಿಸೀವರನ್ನು ನನ್ನ ಕೈಗೆ ಕೊಟ್ಟರು.

ಮಾಷ್ಟ್ರಿಗೂ ಎಲ್ಲ ಹೇಳಿದೆ. ಕೊನೆಗೆ, "ನೀನು ಆ ಫಾಂಟ್ ಹಾಕಿ ಓದಿದ್ದುಂಟಾ?" ಎಂದರು.

"ಮೊದಲ ಪ್ರಶ್ನೆ ಮಾತ್ರ ಮಾಷ್ಟ್ರೆ."

"ಅರ್ಥ ಆಯ್ತಾ?"

"ಆಯ್ತು."

"ಹಾಗಾದ್ರೆ ಅದು ಇನ್ನು ಪ್ರಶ್ನೆಪತ್ರಿಕೆ ಅಲ್ಲ. ಬೇರೆ ಮಾಡುವ. ನಾಳೆ ರೈಲಿಗೆ ಬರ್ತೇನೆ ಅಂತ ಅವರಿಗೆ ಹೇಳು."

ಸಂಘಕ್ಕೆ ಹೇಳಬೇಕಾದದ್ದನ್ನು ಮಾಲೀಕರೇ ಹೇಳಿದರು. ಶನಿವಾರ, ಭಾನುವಾರ ತಿರುವನಂತಪುರದ ಆ ಕೋಣೆಯಲ್ಲಿ ಮಾಷ್ಟ್ರು ಬರೆದರು, ಚೇಚಿ ರಜೆ ಬಿಟ್ಟು ಬಂದು ಕಣ್ಣು, ಬಾಲ ನೋಡಿ ನೋಡಿ ಹೊಡೆದರು. ಪತ್ರಿಕೆ ಇಡಲು ಅವರ ಲಾಗಿನ್ನಿಗೆ ಮಾತ್ರ ತೆರೆಯುವ ಒಂದು ಫೋಲ್ಡರು ಮಾಡಿಕೊಟ್ಟೆ. "ಇನ್ನು ಬಚ್ಚಿಡಬೇಡಿ ಚೇಚೀ, ಬೀಗ ಹಾಕಿ," ಎಂದೆ. "ಬೀಗ ಹಾಕಿದ್ದು ಎಲ್ಲಿ ಎಂದು ನಿನಗಾದರೂ ಹೇಳಿ ಇಡುತ್ತೇನೆ," ಎಂದರು. ಸೋಮವಾರ ಪುಟಗಳು ಪ್ಲೇಟಿಗೆ ಹೋದವು.

ಓಣಿಯ ವ್ಯಾಪಾರಿಯಿಂದ ಉಳಿದ ಏಳನ್ನೂ ವಾಪಸು ತಂದೆ. ಪ್ರೆಸ್ಸಿನ ಅಂಗಳದಲ್ಲಿ ಮಾಲೀಕರ ಕಣ್ಣೆದುರಿಗೇ ಎಂಟಕ್ಕೂ ಡ್ರಿಲ್ಲಿನಿಂದ ಮೂರು ಮೂರು ತೂತು ಹೊಡೆದೆ. ಹಳೆಯ ಕಂಪ್ಯೂಟರು ಕೊಡುವವರಿಗೆ ನಾನು ಇಂದಿಗೂ ಹೇಳುವುದು ಅದನ್ನೇ: ಡಿಸ್ಕು ಬಿಚ್ಚಿ ಮನೆಯಲ್ಲಿ ಇಟ್ಟುಕೊಳ್ಳಿ, ಅದನ್ನು ಕೇಳಿ ಪಡೆಯುವ ಸರ್ವೀಸಿನವನಿಗೆ ಕೊಡಬೇಡಿ. ಆ ವರ್ಷದ ಮೇಂಟೆನೆನ್ಸ್ ಬೇರೆಯವನಿಗೆ ಹೋಯಿತು. ಕ್ಯಾಲೆಂಡರಿನ ಹಿಂದೆ ಬರೆದಿದ್ದ ಕ್ರಮವನ್ನು ಅವನಿಗೆ ಓದಿ ಹೇಳಿ ಬಂದೆ.

ಪರೀಕ್ಷೆ ಮುಗಿದ ಮಾರನೆಯ ದಿನ ಮಾಷ್ಟ್ರಿಗೆ ಫೋನು ಮಾಡಿದೆ.

"ಹಳೆಯ ಪತ್ರಿಕೆಯ ಸುದ್ದಿ ಏನಾದರೂ ಉಂಟಾ ಮಾಷ್ಟ್ರೆ?"

"ಎಂತದೂ ಇಲ್ಲ. ಯಾರೂ ನೋಡಿದ ಹಾಗೆ ಕಾಣುದಿಲ್ಲ."

"ಹಾಗಾದರೆ ನಿಮಗೆ ಸುಮ್ಮನೆ ಕಷ್ಟ ಕೊಟ್ಟೆ."

"ನಂಗಲ್ಲ, ಮಕ್ಕಳಿಗೆ. ಮೊದಲಿನದ್ದನ್ನು ನಾನು ಒಂದು ತಿಂಗಳು ಕೂತು ಹದ ಮಾಡಿದ್ದೆ. ಹಿಂದಿನ ಬೆಂಚಿನವರಿಗೂ ಬರೆಯುವಂಥದ್ದು ಇತ್ತು ಅದರಲ್ಲಿ. ಇದು ಎರಡು ದಿನದ್ದಲ್ವಾ, ಒಂಬತ್ತನೆಯ ಪ್ರಶ್ನೆ ಸ್ವಲ್ಪ ಗಟ್ಟಿಯಾಯ್ತು. ಸುಮಾರು ಮಕ್ಕಳು ಅದನ್ನು ಮುಟ್ಟಿ ಅರ್ಧಕ್ಕೇ ಬಿಟ್ಟಿದ್ದಾರಂತೆ."

"ತಪ್ಪು ನನ್ನದು."

"ಹೌದು, ನಿನ್ನದೇ," ಎಂದರು, ಸಿಟ್ಟಿಲ್ಲದೆ. "ಉತ್ತರ ಸೂಚಿ ನಾನೇ ಬರೆಯುದು. ಒಂಬತ್ತನ್ನು ಮುಟ್ಟಿದವರಿಗೆಲ್ಲ ಇಷ್ಟು ಮಾರ್ಕು ಕೊಡಿ ಅಂತ ಹಾಕ್ತೇನೆ."

"ಎಷ್ಟು?"

"ಎರಡು."

"ಐದರ ಪ್ರಶ್ನೆ ಅಲ್ಲವಾ ಮಾಷ್ಟ್ರೆ. ನಾಲ್ಕು ಮಾಡಿ."

"ಮಾರ್ಕಿನಲ್ಲಿಯೂ ಚರ್ಚೆಯಾ ಮಾರಾಯ ನಿಂದು?"

"ಮೂರೂವರೆ."

ಆ ಕಡೆಯಿಂದ ಕಾಗದ ಮಗುಚಿದ ಸದ್ದು ಕೇಳಿಸಿತು.

"ಮೂರು," ಎಂದರು. "ಬರೆದಾಯ್ತು. ಇನ್ನು ಫೋನ್ ಇಡು."